‘ಕೇಳಿದೆ, ಏನೂ ಇಲ್ಲ ಅಂದಳು’

ಕೌನ್ಸೆಲರ್ ಆಗಿ ಶಾಲೆಗಳಿಗೆ ಹೋದಾಗ ನಾನು ಮೊದಲು ನೋಡುವುದು, ಸಾಯುವ ಮಾತಾಡಿದ ಮಕ್ಕಳ ಬಗ್ಗೆ ಅಲ್ಲಿನ ರಿಜಿಸ್ಟರ್‌ನಲ್ಲಿ ಏನು ಬರೆದಿದ್ದಾರೆ ಅಂತ. ‘ವಿದ್ಯಾರ್ಥಿನಿಯನ್ನು ಕರೆದು ಕೇಳಲಾಯಿತು. ಏನೂ ಇಲ್ಲ ಎಂದಳು.’ ಕೆಳಗೆ ಒಂದು ಸಹಿ, ತಾರೀಖು. ಅದರಾಚೆ ಪುಟ ಖಾಲಿ. ನನಗೆ ಭಯ ಆಗುವುದು ಆ ಖಾಲಿ ಪುಟ ನೋಡಿದಾಗಲೇ.

ಯಾಕೆ ಅಂತ ಹೇಳುತ್ತೇನೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 13 ವರ್ಷದ ಹುಡುಗಿಯೊಬ್ಬಳು ತಾನು ಸಾಯುತ್ತೇನೆ ಅಂತ ಗೆಳತಿಯರ ಹತ್ತಿರ ಹೇಳಿಕೊಂಡಿದ್ದಳು. ಅವರು ಸುಮ್ನೆ ಕೂರಲಿಲ್ಲ, ತಮ್ಮ ಕೌನ್ಸೆಲರ್‌ಗೆ ತಿಳಿಸಿದರು. ಆ ಕೌನ್ಸೆಲರ್ ಈ ಹುಡುಗಿಯ ಕೌನ್ಸೆಲರ್‌ಗೆ ಹೇಳಿದರು. ಇಬ್ಬರು ಕೌನ್ಸೆಲರ್‌ಗಳೂ ಅವಳನ್ನು ವಿಚಾರಿಸಿದರು. ನಾನು ಹಾಗೆ ಹೇಳಿಯೇ ಇಲ್ಲ ಅಂದಳು. ಮಾತು ಅಲ್ಲಿಗೇ ನಿಂತಿತು. ಅಪ್ಪ ಅಮ್ಮನಿಗೂ ಹೇಳಲಿಲ್ಲ, ಶಾಲೆಯ ಆಡಳಿತಕ್ಕೂ ಹೇಳಲಿಲ್ಲ. ಹುಡುಗಿ ಉಳಿಯಲಿಲ್ಲ.

ಅಪ್ಪ ಕೋರ್ಟಿಗೆ ಹೋದರು. 1991ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ಹೇಳಿದ್ದು ಇಷ್ಟು: ಮಗು ಸಾಯುವ ಯೋಚನೆಯಲ್ಲಿದೆ ಅಂತ ಕೌನ್ಸೆಲರ್‌ಗೆ ಗೊತ್ತಾದ ಮೇಲೆ, ಅದನ್ನು ತಡೆಯಲು ಕೈಲಾದ ಪ್ರಯತ್ನ ಮಾಡುವುದು ಅವರ ಕಾನೂನಿನ ಹೊಣೆ. ಆ ಅಪ್ಪ ಕೇಳಿದ್ದು ದೊಡ್ಡದೇನಲ್ಲ. ಒಂದು ಫೋನ್ ಕರೆ. ಒಂದು ಕಡೆ ಆ ಫೋನ್ ಕರೆಯ ಶ್ರಮ, ಇನ್ನೊಂದು ಕಡೆ ಮಗುವಿನ ಜೀವ. ಎರಡನ್ನೂ ತೂಗಿ ನೋಡಿದ ಕೋರ್ಟ್‌ಗೆ ಅನುಮಾನವೇ ಉಳಿಯಲಿಲ್ಲ.

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಆದರೆ ಇಂಥ ಪ್ರಕರಣ ಎಲ್ಲೇ ಕೋರ್ಟಿಗೆ ಹೋದರೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ: ನಿಮಗೆ ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೆ ಏನು ಮಾಡಿದಿರಿ?

ಮಕ್ಕಳು ‘ಇಲ್ಲ’ ಅನ್ನುವುದಕ್ಕೆ ನೂರು ಕಾರಣ ಇರುತ್ತವೆ. ನಾಚಿಕೆ, ಮನೆಗೆ ಫೋನ್ ಮಾಡುತ್ತಾರೆ ಅನ್ನುವ ಹೆದರಿಕೆ, ವಿಷಯ ತಿಳಿಸಿದ ಗೆಳೆಯನಿಗೆ ಎಲ್ಲಿ ತೊಂದರೆ ಆಗುತ್ತೋ ಅನ್ನುವ ಚಿಂತೆ. ಒಬ್ಬ ಹುಡುಗ ನನ್ನೆದುರು ಕೂತು ಪೆನ್ನಿನ ಕ್ಯಾಪ್ ತೆಗೆಯುವುದು, ಹಾಕುವುದು, ತೆಗೆಯುವುದು ಮಾಡುತ್ತಿದ್ದ. ಬೇಜಾರಾ ಅಂದರೆ ಇಲ್ಲ, ಮನೆಯಲ್ಲಿ ಏನಾದರೂ ಆಯ್ತಾ ಅಂದರೆ ಇಲ್ಲ. ಕೊನೆಗೆ ನೇರವಾಗಿ ಕೇಳಿದೆ, ‘ಸಾಯಬೇಕು ಅಂತ ಅನ್ನಿಸ್ತಿದೆಯಾ ಪುಟ್ಟಾ?’ ಕ್ಯಾಪ್ ಹಿಡಿದ ಕೈ ನಿಂತಿತು. ‘ದಿನಾ ಅನ್ಸಲ್ಲ ಮಿಸ್’ ಅಂದ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಎಷ್ಟೋ ಶಿಕ್ಷಕರು ಹೆದರುತ್ತಾರೆ. ಅದು ತಪ್ಪು ತಿಳಿವಳಿಕೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಕೇಳಿ. ದಯವಿಟ್ಟು ಕೇಳಿ.

ಆ ಮಾತು ಕಿವಿಗೆ ಬಿದ್ದ ಮೇಲೆ ಮಗುವನ್ನು ಒಂಟಿಯಾಗಿ ಬಿಡಬಾರದು, ಟಾಯ್ಲೆಟ್‌ಗೆ ಹೋದರೂ ಒಬ್ಬರು ಜೊತೆಗಿರಬೇಕು. ಅವತ್ತೇ ಮುಖ್ಯ ಶಿಕ್ಷಕರಿಗೆ ತಿಳಿಸಬೇಕು, ಅವತ್ತೇ ಮನೆಗೆ ಫೋನ್ ಹೋಗಬೇಕು. ಅಪಾಯವಾಗುವಂಥದ್ದನ್ನು ಮಗುವಿನ ಕೈಗೆ ಸಿಗದಂತೆ ಎತ್ತಿಡಿ ಅಂತ ಮನೆಯವರಿಗೆ ಬಿಡಿಸಿ ಹೇಳಬೇಕು. ಮನೆಯಲ್ಲೇ ಹೊಡೆತ, ದೌರ್ಜನ್ಯ ನಡೆಯುತ್ತಿದ್ದರೆ? ಆಗ ಫೋನ್ ಮೊದಲು ಮಕ್ಕಳ ರಕ್ಷಣೆ ನೋಡಿಕೊಳ್ಳುವ ಅಧಿಕಾರಿಗಳಿಗೆ. ಯಾರು ಯಾರಿಗೆ ಎಷ್ಟು ಗಂಟೆಗೆ ಹೇಳಿದರು ಅನ್ನುವುದು ಆ ಖಾಲಿ ಪುಟದಲ್ಲಿ ಬರಬೇಕು. ಇನ್ನೊಂದು ಮಾತು. ‘ಯಾರಿಗೂ ಹೇಳಲ್ಲ, ಪ್ರಾಮಿಸ್’ ಅಂತ ಮಗುವಿಗೆ ಭಾಷೆ ಕೊಡಬೇಡಿ. ನಾನು ಮೊದಲ ದಿನವೇ ಹೇಳಿಬಿಡುತ್ತೇನೆ, ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅನ್ನಿಸಿದರೆ ನಾನು ಹೇಳಲೇಬೇಕು, ಉಳಿದದ್ದೆಲ್ಲ ನಮ್ಮಿಬ್ಬರಲ್ಲೇ ಇರುತ್ತದೆ ಅಂತ. ಮಕ್ಕಳಿಗೆ ಇದು ಅರ್ಥವಾಗುತ್ತದೆ.

ಇನ್ನೊಬ್ಬರ ಜೀವ ಅಂದೆ ಅಲ್ವಾ, ಹಿಂಸೆಯ ಮಾತೂ ಇಲ್ಲೇ ಬರುತ್ತದೆ. 1974ರಿಂದ 2000ದವರೆಗೆ ಅಮೆರಿಕದ ಶಾಲೆಗಳಲ್ಲಿ ನಡೆದ 37 ದಾಳಿಗಳನ್ನು ಅಲ್ಲಿನ ಅಧ್ಯಕ್ಷರ ರಕ್ಷಣೆ ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಸೇರಿ ಅಧ್ಯಯನ ಮಾಡಿ, 2002ರಲ್ಲಿ ವರದಿ ಕೊಟ್ಟವು. ದಾಳಿ ಮಾಡಿದವರಲ್ಲಿ ನೂರಕ್ಕೆ 78 ಜನ ಹಿಂದೆ ಸಾಯುವ ಯೋಚನೆ ಅಥವಾ ಪ್ರಯತ್ನ ಮಾಡಿದವರು. ನೂರಕ್ಕೆ 81 ಪ್ರಕರಣಗಳಲ್ಲಿ ಇವನು ಏನೋ ಮಾಡಲು ಹೊರಟಿದ್ದಾನೆ ಅನ್ನುವುದು ಮೊದಲೇ ಯಾರಿಗಾದರೂ ಗೊತ್ತಿತ್ತು, ಅದೂ ಬಹುಪಾಲು ಓರಗೆಯ ಮಕ್ಕಳಿಗೆ. ಆದರೂ ಎಷ್ಟೋ ಶಾಲೆಗಳಲ್ಲಿ ಸಾಯುತ್ತೇನೆ ಅಂದವನ ಫೈಲ್ ಕೌನ್ಸೆಲರ್ ಹತ್ತಿರ, ಹೊಡೆಯುತ್ತೇನೆ ಅಂದವನ ಫೈಲ್ ಶಿಸ್ತು ಸಮಿತಿಯ ಹತ್ತಿರ ಇರುತ್ತದೆ. ಇಬ್ಬರೂ ಒಬ್ಬನೇ ಹುಡುಗ ಆಗಿರಬಹುದು! ಬೆದರಿಕೆ ಹಾಕಿದ ಅಂತ ಸಸ್ಪೆಂಡ್ ಮಾಡಿ, ಅವತ್ತೇ ಒಬ್ಬನನ್ನೇ ಮನೆಗೆ ಕಳಿಸುವುದು ನನ್ನ ಪ್ರಕಾರ ಶಾಲೆ ಮಾಡಬಹುದಾದ ಅತ್ಯಂತ ಅಪಾಯದ ಕೆಲಸ. ನೋಡಿಕೊಳ್ಳುವ ಕಣ್ಣುಗಳೆಲ್ಲ ಒಂದೇ ಏಟಿಗೆ ದೂರವಾಗುತ್ತವೆ.

ಭಾರತದ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಕೊಟ್ಟ ನಿರ್ದೇಶನಗಳಲ್ಲಿ 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗೆ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಒಬ್ಬರಾದರೂ ಕಡ್ಡಾಯ. ಸಹಾಯವಾಣಿಯ ನಂಬರ್ ಎಲ್ಲರಿಗೂ ಕಾಣುವಂತೆ ಹಾಕಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕೋರ್ಟಿನ ನಿರ್ದೇಶನಗಳಲ್ಲಿ ನನಗೆ ತುಂಬಾ ಹಿಡಿಸಿದ್ದು, ವರ್ಷಕ್ಕೆ ಎರಡು ಸಲವಾದರೂ ಕೊಡಬೇಕಾದ ತರಬೇತಿ ಶಿಕ್ಷಕರಿಗಷ್ಟೇ ಅಲ್ಲ, ಬೋಧಕೇತರ ಸಿಬ್ಬಂದಿಗೂ ಅಂದದ್ದು. ಊಟದ ಹೊತ್ತಲ್ಲಿ ಗೋಡೆಗೆ ಮುಖ ಮಾಡಿ ಕೂತ ಹುಡುಗಿ ಮೊದಲು ಆಯಾ ಕಣ್ಣಿಗೆ ಬೀಳುತ್ತಾಳೆ.

ಶಾಲೆಯ ಪಾಲಿಸಿಗಳಲ್ಲಿ ಯಾರೂ ಬರೆಯದ ಒಂದು ಮಗು ಇದೆ. ‘ಸಾಯುತ್ತೇನೆ’ ಅಂತ ಬರೆದ ಚೀಟಿಯನ್ನು ನಮಗೆ ತಂದುಕೊಟ್ಟ ಗೆಳತಿ. ‘ನಾನು ಹೇಳಿಬಿಟ್ಟೆ, ಅವಳು ಇನ್ಮೇಲೆ ನನ್ನ ಹತ್ರ ಮಾತಾಡಲ್ಲ’ ಅಂತ ಅವಳು ರಾತ್ರಿಯೆಲ್ಲ ಅತ್ತಿರುತ್ತಾಳೆ. ಮಾರನೇ ದಿನ ಬೆಳಿಗ್ಗೆ ಮೊದಲ ಪಿರಿಯಡ್‌ಗೂ ಮುಂಚೆ ನಾನು ಅವಳನ್ನು ಕರೆಸುತ್ತೇನೆ, ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ, ನಿನ್ನೆ ನೀನು ಬಂದದ್ದು ತುಂಬಾ ಒಳ್ಳೆಯದಾಯಿತು ಅನ್ನುತ್ತೇನೆ. ರಿಜಿಸ್ಟರ್‌ನಲ್ಲಿ ಅದಕ್ಕೂ ಒಂದು ಸಾಲು ಇಟ್ಟಿದ್ದೇನೆ.