ಫ್ಲೋಟಿಗೆ ಒಂದು ಗೇಣು ವಯರು

ಮೆಕ್ಯಾನಿಕಲ್‌ನಲ್ಲಿ ಆಟೊಮೇಶನ್ ಕಲಿಯುತ್ತಿದ್ದೇನೆ ಅಂದರೆ ಸಾಕು, ಊರಲ್ಲಿ ಎಲ್ಲರೂ ಕೇಳುವುದು ಒಂದೇ: "ರೋಬೋಟ್ ಮಾಡ್ತೀಯಾ?" ಇಲ್ಲ ಮಾರಾಯ್ರೆ. ರೋಬೋಟಿಗೆ ಕೈ ಇದೆ, ಫೋಟೊ ಚಂದ ಬರುತ್ತದೆ, ಅಷ್ಟೆ. ಆಟೊಮೇಶನ್ ನೋಡಬೇಕಾದರೆ ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ದೊಡ್ಡಪ್ಪನ ಅಡಿಕೆ ತೋಟಕ್ಕೆ ಬನ್ನಿ.

ಅಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕೆಳಗಿನ ಕೆರೆಗೆ ಬೀಳುತ್ತದೆ. ಪಂಪು ಅದನ್ನು ಗುಡ್ಡದ ಮೇಲಿನ ಟ್ಯಾಂಕಿಗೆ ಎತ್ತುತ್ತದೆ. ಟ್ಯಾಂಕ್ ತುಂಬಿದರೆ ಫ್ಲೋಟ್ ಸ್ವಿಚ್, ಅಂದರೆ ವಯರಿನ ತುದಿಯಲ್ಲಿ ನೀರಿನ ಮೇಲೆ ತೇಲುವ ಸ್ವಿಚ್, ಪಂಪನ್ನು ನಿಲ್ಲಿಸಬೇಕು. ಕಳೆದ ಬೇಸಿಗೆಯಲ್ಲಿ ಸ್ಟಾರ್ಟರ್ ಟಕ್ ಟಕ್ ಅಂತ ಹೊಡೆದುಕೊಂಡು ಮೋಟರು ಸುಟ್ಟಿತು. ಯಾರದ್ದೋ ದೃಷ್ಟಿ ತಾಗಿತು ಅಂತ ದೊಡ್ಡಪ್ಪ ಸ್ಟಾರ್ಟರಿಗೆ ಲಿಂಬೆಹಣ್ಣು ಕಟ್ಟಿದರು. ಹೊಸ ವೈಂಡಿಂಗೂ ಬಿಸಿಯಾಗತೊಡಗಿತು.

ಮೇಲೆ ಹತ್ತಿ ನೋಡಿದೆ. ಫ್ಲೋಟಿನ ವಯರನ್ನು ಯಾರೋ ಬುಡದಲ್ಲೇ ಬಿಗಿದು ಕಟ್ಟಿದ್ದರು. ಪೈಪಿನಿಂದ ಬೀಳುವ ನೀರಿನ ಅಲೆಗೇ ಫ್ಲೋಟ್ ಮೇಲೆ ಕೆಳಗೆ ಹೊರಳುತ್ತಿತ್ತು. ಒಂದು ಅಲೆಗೆ ಆನ್, ಮುಂದಿನ ಅಲೆಗೆ ಆಫ್. ಮೋಟರು ಸ್ಟಾರ್ಟ್ ಆಗುವಾಗ ಮಾಮೂಲಿಗಿಂತ ಸುಮಾರು 6 ಪಟ್ಟು ಕರೆಂಟ್ ಎಳೆಯುತ್ತದೆ. ಹತ್ತು ಸಲ ಸ್ಟಾರ್ಟ್ ಆದರೆ ಹತ್ತು ಸಲ ಆ ಬಿಸಿ.

ನಾನು ಮಾಡಿದ್ದು ವಯರನ್ನು ಒಂದು ಗೇಣು ಸಡಿಲ ಬಿಟ್ಟದ್ದು ಮಾತ್ರ. ಈಗ ಆಫ್ ಆಗುವ ಮಟ್ಟ ಬೇರೆ, ಆನ್ ಆಗುವ ಮಟ್ಟ ಬೇರೆ. ನಡುವಿನ ಈ ಅಂತರಕ್ಕೆ ಹಿಸ್ಟೆರಿಸಿಸ್ ಅನ್ನುತ್ತಾರೆ. ಹೆಸರು ಭಯಂಕರ, ಸಂಗತಿ ಸಣ್ಣದು. ನಮ್ಮ ಆಟಿ ತಿಂಗಳ ಮಳೆಯಲ್ಲಿ ಹನಿ ನಿಂತಾಗಲೆಲ್ಲ ಯಾರೂ ಕೊಡೆ ಮಡಚುವುದಿಲ್ಲ, ಅಲ್ವಾ? ಬಿಡಿಸಿದ ಕೊಡೆ ಸ್ವಲ್ಪ ಹೊತ್ತು ಬಿಡಿಸಿಯೇ ಇರುತ್ತದೆ, ಮಡಚಿದ್ದು ಮಡಚಿಯೇ. ಫ್ರಿಜ್ ಕೂಡ ಹಾಗೇ ಸ್ವಲ್ಪ ಬಿಸಿಯಾಗಲಿ ಅಂತ ಕಾದು ಮತ್ತೆ ಗುರುಗುಟ್ಟುತ್ತದೆ. ನೀರು ಎರಡು ಮಟ್ಟಗಳ ನಡುವೆ ಇದ್ದಾಗ ಪಂಪು ಏನು ಮಾಡಬೇಕು? ಮೊದಲು ಮಾಡುತ್ತಿದ್ದುದನ್ನೇ. ಅಂದರೆ ಸ್ವಿಚ್ಚಿಗೆ ನೆನಪು ಬಂತು! ಆ ನೆನಪು ಇರುವುದು ಒಂದು ಗೇಣು ವಯರಿನಲ್ಲಿ. ನನಗೆ ಇದಕ್ಕಿಂತ ಚಂದದ ಯಂತ್ರ ಇನ್ನೂ ಸಿಕ್ಕಿಲ್ಲ.

ಕಾರ್ಖಾನೆಯಲ್ಲೂ ಕೆಲಸ ಇದೇ, ಫ್ಲೋಟ್ ಮಾತ್ರ ಜಾಸ್ತಿ. ಮೊದಲು ಕಾರು ಕಾರ್ಖಾನೆಗಳಲ್ಲಿ ಗೋಡೆ ತುಂಬ ರಿಲೇಗಳಿದ್ದವು, ಅಂದರೆ ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್ಚುಗಳು. ಮಾಡೆಲ್ ಬದಲಾದರೆ ವಯರುಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕು. ಈ ತಲೆನೋವಿಗೆ 1968ರಲ್ಲಿ ಅಮೆರಿಕದ ಡಿಕ್ ಮೋರ್ಲಿ ಮತ್ತು ಜೊತೆಗಾರರು ಪಿಎಲ್‌ಸಿ (ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್) ಎಂಬ ಪೆಟ್ಟಿಗೆ ಯೋಚಿಸಿದರು. ಅದು ಅವರ 84ನೇ ಪ್ರಾಜೆಕ್ಟ್, ಹಾಗಾಗಿ ಹೆಸರು ಮೋಡಿಕಾನ್ 084. ವಯರಿನ ಬದಲು ಪ್ರೋಗ್ರಾಂ. ಅದನ್ನು ಬರೆಯುವುದು ಏಣಿಯ ಮೆಟ್ಟಿಲಿನಂಥ ಚಿತ್ರದಲ್ಲಿ, ಹಳೆಯ ರಿಲೇ ನಕ್ಷೆಯ ಹಾಗೆಯೇ. ಎಲೆಕ್ಟ್ರಿಷಿಯನ್‌ಗಳಿಗೆ ನೋಡಿದ ಕೂಡಲೇ ಅರ್ಥವಾಗಲಿ ಅಂತ. ಕಾಲೇಜಿನ ಲ್ಯಾಬಿನಲ್ಲಿ ನಾನು ಮೊದಲು ಬರೆದದ್ದೂ ಟ್ಯಾಂಕ್ ತುಂಬಿಸುವ ಏಣಿಯನ್ನೇ.

ದೊಡ್ಡಪ್ಪ ಕೇಳಿದರು, "ಗೇಣೇ ಯಾಕೆ, ಮೊಳ ಬಿಟ್ಟರೆ ಎಂತ?" ಒಳ್ಳೆ ಪ್ರಶ್ನೆ. ಟ್ಯಾಂಕ್ 2 ಮೀಟರ್ ಉದ್ದ, 2 ಮೀಟರ್ ಅಗಲ. ಎರಡು ಮಟ್ಟಗಳ ನಡುವೆ 20 ಸೆಂಟಿಮೀಟರ್ ಅಂದರೆ 800 ಲೀಟರ್. ಸ್ಪ್ರಿಂಕ್ಲರ್‌ಗಳು ನಿಮಿಷಕ್ಕೆ 80 ಲೀಟರ್ ಕುಡಿದರೆ ಮೋಟರಿಗೆ 10 ನಿಮಿಷ ವಿಶ್ರಾಂತಿ. ಮೊಳ ಬಿಟ್ಟರೆ ವಿಶ್ರಾಂತಿ ಇನ್ನೂ ಜಾಸ್ತಿ, ಆದರೆ ಆಗ ಕರೆಂಟ್ ಹೋದರೆ ಟ್ಯಾಂಕಿನಲ್ಲಿ ನೀರು ಕಮ್ಮಿ ಉಳಿದಿರುತ್ತದೆ.

"ಹಾಗಾದರೆ ಗೇಣೇ ಇರಲಿ" ಅಂದರು ದೊಡ್ಡಪ್ಪ. ಲಿಂಬೆಹಣ್ಣನ್ನು ಮಾತ್ರ ಬಿಚ್ಚಲು ಬಿಡಲಿಲ್ಲ.