ಕೆಳಬೆನ್ನೋ ಟೊಂಕವೋ: ಸಂಶೋಧನೆ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಫಿಜಿಯೋಥೆರಪಿ ಕಾಲೇಜೊಂದರಲ್ಲಿ ಐದು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಬೆಳಿಗ್ಗೆ ಒಪಿಡಿ, ಮಧ್ಯಾಹ್ನ ತರಗತಿ, ರಾತ್ರಿ ಮನೆಯಲ್ಲಿ ಉತ್ತರ ಪತ್ರಿಕೆಗಳ ಕಟ್ಟು. ಪ್ರತಿ ವರ್ಷ ‘ಎಷ್ಟು ಸಂಶೋಧನಾ ಪೇಪರ್ ಆಯಿತು’ ಎಂದು ಕೇಳುತ್ತಾರೆ. ಇಳಕಲ್, ಗುಳೇದಗುಡ್ಡದ ನೇಕಾರರು ಬೆನ್ನು ನೋವೆಂದು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಅವರ ಬಗ್ಗೆ ಒಂದು ಅಧ್ಯಯನ ಮಾಡಬೇಕೆಂಬ ಆಸೆಯಿದೆ. ಆದರೆ ಸಮಯವಿಲ್ಲ, ಹಣವಿಲ್ಲ, ಕೇಳೋಣವೆಂದರೆ ಯಾರೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮದೇ ಪ್ರಶ್ನೆಯನ್ನು ವಿಜಯಪುರದ ನರ್ಸಿಂಗ್ ಅಧ್ಯಾಪಕರೂ ಕೇಳಿದ್ದಾರೆ, ಬೆಳಗಾವಿಯ ದಂತವೈದ್ಯರೂ ಕೇಳಿದ್ದಾರೆ. ಆರೋಗ್ಯ ವಿಜ್ಞಾನದ ಅಧ್ಯಾಪಕರಿಗೆ ಅಂಕಿಅಂಶದ ಲೆಕ್ಕ ಮಾಡಿಕೊಡುವುದು ನನ್ನ ಕೆಲಸ. ಈ ಮೂರು ಜಿಲ್ಲೆಗಳಲ್ಲಿ ಅದನ್ನೇ ಮಾಡುತ್ತಾ ಬಹಳ ವರ್ಷ ಕಳೆದಿದ್ದೇನೆ. ನೀವು ಬರೆದ ಮೂರು ಕೊರತೆಗಳಲ್ಲಿ ಕೊನೆಯದೇ ಎಲ್ಲಕ್ಕಿಂತ ದೊಡ್ಡದು ಎಂಬುದು ನನ್ನ ಅನುಭವ. ಕೇಳಲು ಒಬ್ಬರಿದ್ದರೆ, ಅದೂ ಕೆಲಸ ಶುರುವಾಗುವ ಮೊದಲೇ ಇದ್ದರೆ, ಉಳಿದ ಎರಡಕ್ಕೆ ದಾರಿ ಸಿಗುತ್ತದೆ.

ಒಂದು ಸಂಜೆಯ ನೆನಪು ಇನ್ನೂ ಮಾಸಿಲ್ಲ. ಪಿಜಿ ವಿದ್ಯಾರ್ಥಿಯೊಬ್ಬರು ತಮ್ಮ ಗೈಡ್ ಜೊತೆ ಲ್ಯಾಪ್‌ಟಾಪ್ ಹಿಡಿದು ಬಂದರು. ಥೀಸಿಸ್ ಸಲ್ಲಿಸಲು ಮೂರು ವಾರ ಉಳಿದಿತ್ತು. ಎಕ್ಸೆಲ್ ಹಾಳೆಯಲ್ಲಿ ನೂರಕ್ಕೂ ಹೆಚ್ಚು ರೋಗಿಗಳು. ನೋವಿನ ಕಾಲಂ ನೋಡಿದೆ. ಒಂದು ಸಾಲಿನಲ್ಲಿ ‘7’, ಮುಂದಿನದರಲ್ಲಿ ‘7/10’, ಅದರ ಕೆಳಗೆ ‘ತೀವ್ರ’, ಇನ್ನೊಂದರಲ್ಲಿ ಬರೀ ಪ್ಲಸ್ ಚಿಹ್ನೆ. ಮೊದಲ ನಲವತ್ತು ಜನರನ್ನು ಒಬ್ಬರು ಹತ್ತರ ಅಳತೆಯಲ್ಲಿ ಕೇಳಿದ್ದರು, ಆಮೇಲೆ ಬಂದವರು ಸೌಮ್ಯ, ಮಧ್ಯಮ, ತೀವ್ರ ಎಂದು ಗುರುತಿಸಿಕೊಂಡಿದ್ದರು. ಎರಡು ವರ್ಷದ ಪ್ರಾಮಾಣಿಕ ದುಡಿಮೆ ಅದು. ಯಾವ ಸಾಫ್ಟ್‌ವೇರಿನಿಂದಲೂ ಅದನ್ನು ಸರಿಪಡಿಸಲು ಆಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅರ್ಧ ಗಂಟೆ ನಾವು ಒಟ್ಟಿಗೆ ಕುಳಿತಿದ್ದರೆ ಸಾಕಿತ್ತು. ಅಂದಿನಿಂದ ಯಾರೇ ಬಂದರೂ ಒಂದೇ ಮಾತು ಹೇಳುತ್ತೇನೆ: ಮಾಹಿತಿ ಹಿಡಿದುಕೊಂಡು ಬರಬೇಡಿ, ಪ್ರಶ್ನೆ ಹಿಡಿದುಕೊಂಡು ಬನ್ನಿ.

ಈಗ ನಿಮ್ಮ ನೇಕಾರರ ವಿಷಯಕ್ಕೆ ಬರೋಣ. ‘ನೇಕಾರರಲ್ಲಿ ಬೆನ್ನು ನೋವು’ ಎಂಬುದು ಒಂದು ವಿಷಯ, ಅದಿನ್ನೂ ಪ್ರಶ್ನೆಯಾಗಿಲ್ಲ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುವವರಿಗೂ ಪವರ್‌ಲೂಮ್ ಮುಂದೆ ದಿನವಿಡೀ ನಿಲ್ಲುವವರಿಗೂ, ಕಳೆದ ಹನ್ನೆರಡು ತಿಂಗಳಲ್ಲಿ ಕೆಲಸ ಬಿಡಿಸುವಷ್ಟು ನೋವು ಬಂದದ್ದರಲ್ಲಿ ವ್ಯತ್ಯಾಸವಿದೆಯೇ? ಹೀಗೆ ಕೇಳಿದರೆ ಅದು ಪ್ರಶ್ನೆ. ಯಾರನ್ನು ನೋಡಬೇಕು, ಏನನ್ನು ಅಳೆಯಬೇಕು, ಎಷ್ಟು ಕಾಲದ ನೆನಪು ಕೇಳಬೇಕು ಎಲ್ಲವೂ ಆ ಒಂದು ವಾಕ್ಯದಲ್ಲೇ ಇದೆ. ಇಂಥ ವಾಕ್ಯ ಬರೆಯಲು ನಿಮಗೆ ಒಂದು ವಾರ ಹಿಡಿದರೂ ಅದನ್ನು ವ್ಯರ್ಥ ಎಂದುಕೊಳ್ಳಬೇಡಿ.

ಎಷ್ಟು ಜನ ಬೇಕು? ನೂರು ಸಾಕಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಉದಾಹರಣೆಗೆ, ಒಂದು ಗುಂಪಿನಲ್ಲಿ ನೂರಕ್ಕೆ 40 ಜನರಿಗೆ, ಇನ್ನೊಂದರಲ್ಲಿ 60 ಜನರಿಗೆ ನೋವಿರಬಹುದು ಎಂದು ನಿಮ್ಮ ಅಂದಾಜು ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ ಬಳಸುವ ಲೆಕ್ಕದ ಪ್ರಕಾರ ಪ್ರತಿ ಗುಂಪಿಗೆ ಸುಮಾರು 95 ಜನ ಬೇಕು. ವ್ಯತ್ಯಾಸ ಅಷ್ಟಿಲ್ಲ, 50 ಮತ್ತು 60 ಅಷ್ಟೇ ಎಂದಾದರೆ ಪ್ರತಿ ಗುಂಪಿಗೆ ಸುಮಾರು 385 ಬೇಕು. ಹಿಡಿಯಬೇಕಾದ ವ್ಯತ್ಯಾಸ ಅರ್ಧವಾದರೆ ಜನ ನಾಲ್ಕು ಪಟ್ಟಾಗುತ್ತಾರೆ. ಒಬ್ಬರೇ ಶಿಕ್ಷಕಿ ಇಬ್ಬರು ವಿದ್ಯಾರ್ಥಿಗಳೊಡನೆ 190 ಮನೆ ಸುತ್ತಬಹುದು, 770 ಸುತ್ತುವುದು ಬೇರೆಯದೇ ಕೆಲಸ. ಅದಕ್ಕೇ ಈ ಲೆಕ್ಕ ಮೊದಲ ದಿನದ ಲೆಕ್ಕ.

ಇನ್ನು ಅಳತೆ. ಮೈಕೈ ನೋವಿನ ಅಧ್ಯಯನಕ್ಕೆ 1987ರಲ್ಲಿ ಪ್ರಕಟವಾದ ನಾರ್ಡಿಕ್ ಪ್ರಶ್ನಾವಳಿ ಎಂಬುದಿದೆ, ಜಗತ್ತಿನಾದ್ಯಂತ ಬಳಕೆಯಲ್ಲಿದೆ. ನೀವೇ ಹೊಸದು ಕಟ್ಟಬೇಕಿಲ್ಲ, ಕನ್ನಡದಲ್ಲಿ ಸರಿಯಾಗಿ ಕೇಳಿದರೆ ಸಾಕು. ಆದರೆ ಆ ‘ಸರಿಯಾಗಿ’ ಎಂಬುದರಲ್ಲೇ ಅರ್ಧ ಸಂಶೋಧನೆ ಇದೆ. ಇಂಥದ್ದೇ ಒಂದು ಪ್ರಶ್ನಾವಳಿಯನ್ನು ಪರೀಕ್ಷಿಸಲು ನಾವು ಒಮ್ಮೆ ಒಬ್ಬ ಹಿರಿಯ ನೇಕಾರರ ಮನೆಗೆ ಹೋಗಿದ್ದೆವು. ‘ನಿಮಗೆ ಕೆಳಬೆನ್ನಿನ ನೋವಿದೆಯೇ?’ ಎಂದು ವಿದ್ಯಾರ್ಥಿನಿ ಹಾಳೆ ನೋಡಿ ಓದಿದಳು. ಅವರು ತಲೆಯಾಡಿಸಿ ಇಲ್ಲವೆಂದರು. ಹುಡುಗಿ ಶೂನ್ಯ ಬರೆದುಕೊಂಡಳು. ಅವರು ಏಳುವಾಗ ಕೈಯನ್ನು ಹಿಂದಕ್ಕೆ ಒತ್ತಿ ಹಿಡಿದು ಎದ್ದದ್ದನ್ನು ನೋಡಿ, ‘ಟೊಂಕ ನೋಯುವುದಿಲ್ಲವೇ ಅಜ್ಜಾ?’ ಎಂದಳು. ‘ಅದು ನೋಯದ ದಿನ ಯಾವುದವ್ವಾ?’ ಎಂದರು ಅವರು. ಒಂದು ಪದಕ್ಕೆ ಒಬ್ಬ ರೋಗಿ ಲೆಕ್ಕದಿಂದ ಬಿದ್ದು ಹೋಗುತ್ತಿದ್ದರು. ಹಾಗಾಗಿ ಇಂಗ್ಲಿಷಿನಿಂದ ಕನ್ನಡಕ್ಕೆ ಒಬ್ಬರು, ಮೂಲವನ್ನು ನೋಡದೆ ಕನ್ನಡದಿಂದ ಇಂಗ್ಲಿಷಿಗೆ ಇನ್ನೊಬ್ಬರು ಅನುವಾದ ಮಾಡಲಿ, ಆಮೇಲೆ ಹತ್ತು ಜನ ನೇಕಾರರ ಮುಂದೆ ಅದನ್ನು ಓದಿ ನೋಡಿ. ಬೆಳಗಾವಿಯ ಕಡೆಯಾದರೆ ಮರಾಠಿಯಲ್ಲೂ ಇದೇ ಕೆಲಸ ಆಗಬೇಕು.

ಅಳತೆಯ ವಿಷಯದಲ್ಲಿ ನಮ್ಮದೇ ನೆಲದ ಒಂದು ಕಥೆ ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಅದನ್ನು ನಮ್ಮ ಕಾಲೇಜುಗಳಲ್ಲೇ ಬಹಳ ಜನ ಕೇಳಿಲ್ಲ. 2000ದ ದಶಕದ ಆರಂಭದಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಅಧ್ಯಾಪಕರು ಅಮೆರಿಕದ ಸಹೋದ್ಯೋಗಿಗಳ ಜೊತೆ ಸೇರಿ ಒಂದು ಪ್ರಶ್ನೆ ಕೈಗೆತ್ತಿಕೊಂಡರು. ಹಳ್ಳಿಗಳಲ್ಲಿ ಸಹಾಯಕ ದಾದಿಯರು, ಅಂದರೆ ಎಎನ್‌ಎಂ ಸಹೋದರಿಯರು ಹೆರಿಗೆ ಮಾಡಿಸುವಾಗ ಬಾಯಲ್ಲಿ ನುಂಗುವ ಮಿಸೊಪ್ರೋಸ್ಟಾಲ್ ಮಾತ್ರೆ ಕೊಟ್ಟರೆ ಹೆರಿಗೆಯ ನಂತರದ ಅತಿ ರಕ್ತಸ್ರಾವ ಕಡಿಮೆಯಾಗುತ್ತದೆಯೇ? ಇಂಜೆಕ್ಷನ್ ಬೇಡ, ಫ್ರಿಜ್ ಬೇಡ. ಆದರೆ ರಕ್ತ ಎಷ್ಟು ಹೋಯಿತು ಎಂದು ಅಳೆಯುವುದು ಹೇಗೆ? ಬಟ್ಟೆಯಲ್ಲಿ ಇಂಗುತ್ತದೆ, ನೆಲಕ್ಕೆ ಹರಿಯುತ್ತದೆ, ಕಣ್ಣಂದಾಜಿಗೆ ಯಾವಾಗಲೂ ಕಡಿಮೆಯೇ ಕಾಣುತ್ತದೆ. ಅದಕ್ಕೆ ಅವರು ಕಂಡುಕೊಂಡ ಉಪಾಯ ಒಂದು ಪ್ಲಾಸ್ಟಿಕ್ ಹಾಳೆ. ಮಗು ಹುಟ್ಟಿದ ಕೂಡಲೇ ತಾಯಿಯ ಕೆಳಗೆ ಹಾಸುವುದು, ಅದರ ತುದಿಯಲ್ಲಿ ಕೊಳವೆಯಂಥ ಚೀಲ, ಚೀಲದ ಮೇಲೆ ಹಾಲಿನ ಬಾಟಲಿಯ ಮೇಲಿರುವಂತೆ ಮಿಲಿಲೀಟರಿನ ಗೆರೆಗಳು. ಎಎನ್‌ಎಂ ನೋಡಿ ಬರೆದುಕೊಂಡರೆ ಸಾಕು.

ಆ ಅಧ್ಯಯನದಲ್ಲಿದ್ದದ್ದು 1,620 ತಾಯಂದಿರು. ಗುಳಿಗೆ ಪಡೆದವರಲ್ಲಿ ಅತಿ ರಕ್ತಸ್ರಾವ ನೂರಕ್ಕೆ 6.4, ಔಷಧವಿಲ್ಲದ ಹುಸಿಗುಳಿಗೆ ಪಡೆದವರಲ್ಲಿ 12. ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉದ್ದೇಶಕ್ಕಾಗಿ ಮಿಸೊಪ್ರೋಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲೂ ಇಂಥ ಗೆರೆಯಿರುವ ಹಾಳೆಯೇ ಮೊದಲ ಹೆಜ್ಜೆಯಾಗಿತ್ತು. ಬೆಳಗಾವಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ ನಡೆದ ಕೆಲಸ ಇದು. ನಿಮ್ಮ ಗುಳೇದಗುಡ್ಡ ಅಲ್ಲಿಂದ ಬಹಳ ದೂರವೇನಲ್ಲ.

ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯ ಬಗ್ಗೆ ಹೆದರಬೇಡಿ, ಅದನ್ನು ತಪ್ಪಿಸಿಕೊಳ್ಳುವ ಯೋಚನೆಯನ್ನೂ ಮಾಡಬೇಡಿ. ‘ಬರೀ ಪ್ರಶ್ನೆ ಕೇಳುವುದು ತಾನೇ, ಅನುಮತಿ ಯಾಕೆ’ ಎನ್ನುವವರಿದ್ದಾರೆ. ಮನುಷ್ಯರ ಮೇಲಿನ ಯಾವ ಸಂಶೋಧನೆಯೂ ಕಮಿಟಿಯ ಮುಂದೆ ಹೋಗಲೇಬೇಕು. ಅಪಾಯ ತೀರ ಕಡಿಮೆ ಇರುವ ಅಧ್ಯಯನಗಳಿಗೆ ಬೇಗನೆ ಮುಗಿಯುವ ಪರಿಶೀಲನೆ, ಕೆಲವಕ್ಕೆ ವಿನಾಯಿತಿ ಕೂಡ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿದೆ. ಆದರೆ ವಿನಾಯಿತಿ ಕೊಡುವವರು ಕಮಿಟಿಯವರು, ನಾವಲ್ಲ. ಕಮಿಟಿಯಲ್ಲಿ ವೈದ್ಯರಷ್ಟೇ ಅಲ್ಲ, ಕಾನೂನು ಬಲ್ಲವರೊಬ್ಬರು, ಹೊರಗಿನ ಸಾಮಾನ್ಯ ವ್ಯಕ್ತಿಯೊಬ್ಬರು ಕೂಡ ಇರುತ್ತಾರೆ. ನಿಮ್ಮ ಒಪ್ಪಿಗೆ ಪತ್ರವನ್ನು ಅಲ್ಲಿಗೆ ಕಳಿಸುವ ಮೊದಲು ನಿಮ್ಮ ಮನೆಯ ಹಿರಿಯರಿಗೆ ಓದಿ ಹೇಳಿ. ‘ತಮ್ಮ ಸಹಭಾಗಿತ್ವವು ಸಂಪೂರ್ಣ ಐಚ್ಛಿಕವಾಗಿದ್ದು ಯಾವುದೇ ಹಂತದಲ್ಲಿ ಹಿಂತೆಗೆದುಕೊಳ್ಳಲು ಸ್ವತಂತ್ರರಿರುತ್ತೀರಿ’ ಎಂದು ಬರೆದರೆ ಯಾರಿಗೂ ಹತ್ತುವುದಿಲ್ಲ. ‘ಸೇರುವುದು ಬಿಡುವುದು ನಿಮ್ಮ ಇಷ್ಟ. ನಡುವೆ ಬೇಡವೆನಿಸಿದರೆ ಹೇಳಿ. ನಿಮ್ಮ ಚಿಕಿತ್ಸೆ ಅದರಿಂದ ನಿಲ್ಲುವುದಿಲ್ಲ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಮುಂದೆ ನೀವು ಯಾವುದಾದರೂ ವ್ಯಾಯಾಮ ಕೊಟ್ಟು ಫಲ ನೋಡುವ ಅಧ್ಯಯನ ಮಾಡಿದರೆ, ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಇಂಥ ಪ್ರಯೋಗಗಳ ರಾಷ್ಟ್ರೀಯ ದಾಖಲೆಯಾದ ಸಿಟಿಆರ್‌ಐ ನೋಂದಣಿ ಆಗಿರಬೇಕು. 2018ರ ಏಪ್ರಿಲ್ 1ರಿಂದ ತಡವಾಗಿ ಬಂದ ನೋಂದಣಿಯನ್ನು ಅವರು ತೆಗೆದುಕೊಳ್ಳುವುದಿಲ್ಲ. ಇದಕ್ಕೆ ಶುಲ್ಕವಿಲ್ಲ.

ಹಣದ ಮಾತು ಚಿಕ್ಕದು. ನಿಮ್ಮ ಈ ಮೊದಲ ಅಧ್ಯಯನಕ್ಕೆ ಬೇಕಾದದ್ದು ಓಡಾಟ, ಝೆರಾಕ್ಸ್, ಮಾಹಿತಿ ಬರೆದುಕೊಳ್ಳುವವರಿಗೆ ದಿನಗೂಲಿ, ಅಷ್ಟೇ. ನಿಮ್ಮ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ ಅಲ್ಲಿ ಅಧ್ಯಾಪಕರ ಯೋಜನೆಗಳಿಗೆ ಧನಸಹಾಯವಿದೆ. ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಸೀಡ್ ಮನಿ ಎಂಬ ಹೆಸರಿನಲ್ಲಿ ಸಿಗುತ್ತದೆ. ಐಸಿಎಂಆರ್‌ನಂಥ ದೊಡ್ಡ ಅನುದಾನಕ್ಕೆ ಅರ್ಜಿ ಹಾಕುವ ಹೊತ್ತಿಗೆ ನಿಮ್ಮ ಕೈಯಲ್ಲಿ ಮುಗಿಸಿದ ಒಂದು ಸಣ್ಣ ಕೆಲಸ ಇರಬೇಕು. ಕಲಿಯುವುದಕ್ಕಂತೂ ದುಡ್ಡು ಬೇಡ: ಸಂಶೋಧನಾ ವಿಧಾನದ ಬಗ್ಗೆ ಚೆನ್ನೈನ ಐಸಿಎಂಆರ್ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯವರು ನಡೆಸುವ ಆನ್‌ಲೈನ್ ಪಾಠಗಳಿವೆ. ಮನೆಯಲ್ಲಿ ಕುಳಿತು ನೋಡಬಹುದು.

‘ಹತ್ತು ದಿನದಲ್ಲಿ ಪ್ರಕಟಣೆ ಖಾತ್ರಿ’ ಎನ್ನುವ ಪತ್ರಿಕೆಗಳಿಂದ ದೂರವಿರಿ. ಲೇಖಕರ ಸಾಲಿನಲ್ಲಿ ಜಾಗ ಮಾರುವವರು ವಾಟ್ಸಾಪಿನಲ್ಲಿ ಬರುತ್ತಾರೆ, ಉತ್ತರ ಕೂಡ ಕೊಡಬೇಡಿ. ಕೆಲಸ ಮಾಡದವರ ಹೆಸರನ್ನು, ಅವರು ಎಷ್ಟೇ ಹಿರಿಯರಾದರೂ, ಸೇರಿಸುವುದು ತಪ್ಪು. ಮನೆಮನೆ ತೋರಿಸಿದ ಆಶಾ ಕಾರ್ಯಕರ್ತೆಗೆ ಕೃತಜ್ಞತೆ ಬರೆಯದಿರುವುದೂ ತಪ್ಪೇ.

ಉಳಿದದ್ದು ಸಮಯ. ಇದನ್ನು ನಿಮಗಿಂತ ನಿಮ್ಮ ಪ್ರಾಂಶುಪಾಲರಿಗೆ, ವಿಶ್ವವಿದ್ಯಾಲಯ ನಡೆಸುವವರಿಗೆ ಹೇಳುವ ಆಸೆ ನನಗೆ. ಅಧ್ಯಾಪಕರಿಗೆ ಸಂಶೋಧನಾ ಕಾರ್ಯಾಗಾರದ ಪ್ರಮಾಣಪತ್ರ ಕೊಡುತ್ತೀರಿ, ಉತ್ತಮ ಲೇಖನಕ್ಕೆ ಬಹುಮಾನ ಕೊಡುತ್ತೀರಿ, ವರ್ಷದ ಕೊನೆಯಲ್ಲಿ ಪೇಪರ್ ಎಣಿಸುತ್ತೀರಿ. ಅದರ ಬದಲು ವಾರಕ್ಕೆ ಒಂದು ಮಧ್ಯಾಹ್ನವನ್ನು ಲಿಖಿತ ಆದೇಶದ ಮೂಲಕ ಬಿಡುವು ಮಾಡಿಕೊಡಿ, ಟೈಮ್ ಟೇಬಲ್‌ನಲ್ಲಿ ಅದು ಕಾಣಲಿ, ಆ ಹೊತ್ತಿಗೆ ಬೇರೆ ಯಾರ ತರಗತಿಗೂ ಅವರನ್ನು ಕಳಿಸಬೇಡಿ. ಎಥಿಕ್ಸ್ ಕಮಿಟಿ ಯಾವ ತಿಂಗಳು ಯಾವ ದಿನ ಸೇರುತ್ತದೆ ಎಂದು ವರ್ಷದ ಮೊದಲೇ ಹಾಕಿ. ಲೆಕ್ಕ ಬಲ್ಲ ಒಬ್ಬರನ್ನು ವಾರದಲ್ಲಿ ಎರಡು ದಿನ ಬಾಗಿಲು ತೆರೆದು ಕೂರಿಸಿ. ನಾನು ನೋಡಿದ ಮಟ್ಟಿಗೆ, ಈ ಮೂರು ಇದ್ದಲ್ಲಿ ಅಧ್ಯಾಪಕರನ್ನು ಯಾರೂ ತಳ್ಳಬೇಕಾಗಿ ಬಂದಿಲ್ಲ.

ಆ ಆದೇಶ ಬರುವವರೆಗೆ ನೀವು ಕಾಯಬೇಕಿಲ್ಲ. ಈ ವಾರ ನಿಮ್ಮ ಒಪಿಡಿಯ ಹಳೆಯ ಕೇಸ್ ಶೀಟ್‌ಗಳಲ್ಲಿ ಬೆನ್ನು ನೋವಿನ ಮೂವತ್ತನ್ನು ಹೊರಗೆ ತೆಗೆಯಿರಿ. ಅವುಗಳಿಂದ ಮಾಹಿತಿ ಬರೆದುಕೊಳ್ಳಬೇಡಿ, ಅದಕ್ಕೆ ಅನುಮತಿ ಬಂದ ಮೇಲೆ ಸಮಯವಿದೆ. ಒಂದನ್ನು ಮಾತ್ರ ನೋಡಿ: ‘ಉದ್ಯೋಗ’ ಎಂಬ ಜಾಗದಲ್ಲಿ ಏನಿದೆ? ಎಷ್ಟು ಹಾಳೆಗಳಲ್ಲಿ ಅದು ಖಾಲಿ ಇದೆ, ಎಷ್ಟರಲ್ಲಿ ಬರೀ ‘ಕೂಲಿ’ ಎಂದಿದೆ, ಎಷ್ಟರಲ್ಲಿ ನೇಕಾರ ಎಂದಿದೆ, ಯಾವ ಮಗ್ಗ ಎಂದು ಯಾರಾದರೂ ಬರೆದಿದ್ದಾರೆಯೇ? ಬಹುಶಃ ಇಲ್ಲ. ಹಾಗಿದ್ದರೆ ನಾಳೆ ಬರುವ ನೇಕಾರರಿಂದಲೇ, ಚಿಕಿತ್ಸೆಯ ಭಾಗವಾಗಿಯೇ, ಅದನ್ನು ಕೇಳಿ ಬರೆಯಲು ಶುರು ಮಾಡಿ. ಆಮೇಲೆ ಪ್ರಶ್ನೆ ಹಿಡಿದುಕೊಂಡು ನಿಮ್ಮ ಹತ್ತಿರದ ಅಂಕಿಅಂಶದವರ ಬಳಿ ಹೋಗಿ. ಅಲ್ಲಿ ಯಾರೂ ಸಿಗದಿದ್ದರೆ ಮತ್ತೆ ಬರೆಯಿರಿ.