ಗುಗ್ಗುಳ, ಮರದರಿಶಿನ, ಕಡಲಕಳೆ: ಕೊಲೆಸ್ಟರಾಲ್ ಹತೋಟಿಯ ಸಂಯುಕ್ತಗಳನ್ನು ಓದುವ ಬಗೆ

ಗಿಡದ ಸಾರವೊಂದು ‘ಕೊಲೆಸ್ಟರಾಲ್ ಇಳಿಸುತ್ತದೆ’ ಎಂದು ಓದಿದಾಗ ನಾವು ಮೊದಲು ಕೇಳಬೇಕಾದದ್ದು, ಎಲ್ಲಿ ಇಳಿಸುತ್ತದೆ ಎಂದು. ಯಕೃತ್ತು ಕೊಲೆಸ್ಟರಾಲನ್ನು ತಾನೇ ತಯಾರಿಸುತ್ತದೆ, ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳನ್ನು ಗ್ರಾಹಕಗಳ (ಗೊತ್ತಾದ ಅಣುವನ್ನು ಗುರುತು ಹಿಡಿಯುವ ಪ್ರೋಟೀನ್‌ಗಳ) ಮೂಲಕ ಒಳಗೆಳೆದುಕೊಳ್ಳುತ್ತದೆ, ಒಂದಷ್ಟನ್ನು ಪಿತ್ತಾಮ್ಲವಾಗಿ ಬದಲಾಯಿಸಿ ಕರುಳಿಗೆ ಕಳಿಸುತ್ತದೆ. ಕರುಳು ಆಹಾರದಿಂದಲೂ ಹೀರಿಕೊಳ್ಳುತ್ತದೆ. ಕೊಲೆಸ್ಟರಾಲ್‌ಗೆ ವೈದ್ಯರು ಕೊಡುವ ಸ್ಟ್ಯಾಟಿನ್ ಔಷಧಗಳು ತಡೆಯುವುದು ಮೊದಲನೆಯದನ್ನು, ಅಂದರೆ ತಯಾರಿಕೆಯನ್ನು. ಅವುಗಳ ಮೂಲವೂ ನಿಸರ್ಗವೇ: 1970ರ ದಶಕದ ಆರಂಭದಲ್ಲಿ ಜಪಾನಿನ ಅಕಿರ ಎಂಡೊ ಅವರಿಗೆ ಮೊದಲ ಸ್ಟ್ಯಾಟಿನ್ ಸಿಕ್ಕಿದ್ದು ಪೆನಿಸಿಲಿಯಂ ಬೂಸ್ಟಿನಲ್ಲಿ.

ಹುಡುಕಾಟದ ಕ್ರಮ ಸರಳ, ಕೆಲಸ ಮಾತ್ರ ಬೇಸರದ್ದು. ಒಣಗಿಸಿದ ಗಿಡವನ್ನೋ ಪಾಚಿಯನ್ನೋ ದ್ರಾವಕದಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ಆಮೇಲೆ ಸಾರವನ್ನು ಭಾಗ ಮಾಡಿ, ಒಂದೊಂದು ಭಾಗವನ್ನೂ ಜೀವಕೋಶಗಳ ಮೇಲೆ ಹಾಕುತ್ತಾರೆ. ಆ ಕೋಶಗಳಲ್ಲಿ ಬೆಳಕು ಹೊಮ್ಮಿಸುವ ಮಿಂಚುಹುಳದ ಲೂಸಿಫರೇಸ್ ಜೀನನ್ನು ಮೊದಲೇ ಸೇರಿಸಿರುತ್ತಾರೆ. ಗುರಿಯಿಟ್ಟ ಗ್ರಾಹಕ ಚುರುಕಾದರೆ ಬೆಳಕು ಹೆಚ್ಚುತ್ತದೆ. ಬೆಳಗಿದ ಭಾಗವನ್ನು ಮತ್ತೆ ಒಡೆದು ಒಡೆದು ಶುದ್ಧ ಸಂಯುಕ್ತಕ್ಕೆ ಬಂದು, ಎನ್‌ಎಂಆರ್ ಎಂಬ ಕಾಂತಕ್ಷೇತ್ರದ ಪರೀಕ್ಷೆಯಿಂದ ಅದರ ರಚನೆ ತಿಳಿಯುತ್ತಾರೆ. ತಟ್ಟೆಯಲ್ಲಿನ ಈ ಬೆಳಕನ್ನೇ ಔಷಧ ಅಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಗುಗ್ಗುಳದ ಕತೆಯಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ರಾಜಸ್ಥಾನ, ಗುಜರಾತಿನ ಒಣನೆಲದಲ್ಲಿ ಬೆಳೆಯುವ ಗಿಡದ ಅಂಟು ಗುಗ್ಗುಳ. ಸುಶ್ರುತ ಸಂಹಿತೆಯ ಮೇದೋರೋಗದ (ಕೊಬ್ಬು ಹೆಚ್ಚಾಗುವ ಕಾಯಿಲೆಯ) ವಿವರಣೆಯ ಜಾಡು ಹಿಡಿದ ಜಿ.ವಿ. ಸತ್ಯವತಿ ಅವರು 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮೊಲಗಳ ಮೇಲೆ ಅದರ ಪರಿಣಾಮ ತೋರಿಸಿದರು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಕೆಲಸದಿಂದ 1980ರ ದಶಕದಲ್ಲಿ ಅದರ ಸಾರ ‘ಗುಗ್ಗುಲಿಪಿಡ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. 2002ರಲ್ಲಿ ಕಾರಣವೂ ಸಿಕ್ಕಂತಾಯಿತು: ಗುಗ್ಗುಳದಲ್ಲಿರುವ ಗುಗ್ಗುಲ್‌ಸ್ಟಿರೋನ್ ಎಂಬ ಸಂಯುಕ್ತ ಎಫ್‌ಎಕ್ಸ್‌ಆರ್ ಗ್ರಾಹಕವನ್ನು ತಡೆಯುತ್ತದೆ. ಪಿತ್ತಾಮ್ಲ ಹೆಚ್ಚಾದಾಗ ‘ಇನ್ನು ಸಾಕು’ ಎಂದು, ಕೊಲೆಸ್ಟರಾಲನ್ನು ಪಿತ್ತಾಮ್ಲವಾಗಿಸುವ ಸಿವೈಪಿ7ಎ1 ಕಿಣ್ವವನ್ನು ಅಡಗಿಸುವುದು ಈ ಎಫ್‌ಎಕ್ಸ್‌ಆರ್. ಅದನ್ನೇ ತಡೆದರೆ ಕಿಣ್ವ ಬಿಡುವಾಗಿ ದುಡಿಯುತ್ತದೆ, ಕೊಲೆಸ್ಟರಾಲ್ ಪಿತ್ತಾಮ್ಲವಾಗಿ ಖರ್ಚಾಗುತ್ತದೆ. ತರ್ಕ ಎಷ್ಟು ಚೆಂದ!

ಮರುವರ್ಷವೇ ಅಮೆರಿಕದಲ್ಲಿ 103 ಜನರ ಮೇಲೆ 8 ವಾರಗಳ ಪ್ರಯೋಗದ ಫಲಿತಾಂಶ ಬಂತು. ಹುಸಿಮಾತ್ರೆ ನುಂಗಿದವರ ಎಲ್‌ಡಿಎಲ್ ಸುಮಾರು 5% ಇಳಿದಿತ್ತು. ಗುಗ್ಗುಳ ತೆಗೆದುಕೊಂಡವರದು 4–5% ಏರಿತ್ತು. ಕೆಲವರಿಗೆ ಮೈಮೇಲೆ ದದ್ದು ಬೇರೆ. ಭಾರತದ ಹಿಂದಿನ ಪ್ರಯೋಗಗಳಲ್ಲಿ ಇಳಿಕೆ ಕಂಡಿತ್ತಲ್ಲ ಎಂದರೆ, ಆಹಾರಕ್ರಮ, ಜನರ ಮೈಗುಣ, ಪ್ರಯೋಗದ ಬಿಗಿ ಎಲ್ಲವೂ ಬೇರೆ. ಇದೇ ಗುಗ್ಗುಲ್‌ಸ್ಟಿರೋನ್ ಪಿಎಕ್ಸ್‌ಆರ್ ಎಂಬ ಇನ್ನೊಂದು ಗ್ರಾಹಕವನ್ನು ಚುರುಕುಗೊಳಿಸಿ ಅದೇ ಸಿವೈಪಿ7ಎ1 ಕಿಣ್ವವನ್ನು ತಗ್ಗಿಸುತ್ತದೆ ಎಂದೂ ಆಮೇಲೆ ಕಂಡುಬಂತು. ಒಂದೇ ಅಣು, ಎರಡು ಗ್ರಾಹಕ, ಎದುರುಬದುರು ಪರಿಣಾಮ. ಹಾಗಾಗಿ ಪರೀಕ್ಷೆಯ ಉತ್ತರದಲ್ಲಿ ಗುಗ್ಗುಲ್‌ಸ್ಟಿರೋನ್ ಬಗ್ಗೆ ‘ಎಫ್‌ಎಕ್ಸ್‌ಆರ್ ವಿರೋಧಿ’ ಎಂದಷ್ಟೇ ಬರೆದು ನಿಲ್ಲಿಸಬೇಡಿ.

ಬರ್ಬೆರಿನ್ ವಿಷಯದಲ್ಲಿ ಲೆಕ್ಕ ಸ್ವಲ್ಪ ಮೇಲು. ಪಶ್ಚಿಮ ಘಟ್ಟದ ಮರದರಿಶಿನದ ಹಳದಿ ಬಣ್ಣ ಇದರದ್ದೇ. 2004ರಲ್ಲಿ ಚೀನಾದ 32 ರೋಗಿಗಳಲ್ಲಿ ಮೂರು ತಿಂಗಳಿಗೆ ಎಲ್‌ಡಿಎಲ್ ಸುಮಾರು 25% ಇಳಿಯಿತು. ಎಲ್‌ಡಿಎಲ್ ಗ್ರಾಹಕವನ್ನು ಕಟ್ಟಲು ಕೋಶ ಬಳಸುವ ಸಂದೇಶದ ಪ್ರತಿ, ಅಂದರೆ ಎಂಆರ್‌ಎನ್‌ಎ, ಬೇಗ ಕರಗದಂತೆ ಇದು ಕಾಯುತ್ತದೆ, ಹಾಗಾಗಿ ಸ್ಟ್ಯಾಟಿನ್‌ಗಿಂತ ದಾರಿಯೇ ಬೇರೆ. ಆದರೆ ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಮರದರಿಶಿನವಾಗಲಿ ಗುಗ್ಗುಳವಾಗಲಿ ಅತಿಯಾಗಿ ಕೊಯ್ದು ಅಳಿವಿನಂಚಿಗೆ ಬಂದಿರುವುದರಿಂದ, ಮನೆಮದ್ದಿನ ಉತ್ಸಾಹಿಗಳಿಗೆ ಇದನ್ನು ಹೇಳಲು ನನಗೆ ಅಳುಕು.

ಕಡಲಿನ ಕಡೆ ಇನ್ನೂ ಹೆಚ್ಚಿನದು ಇಲಿ ಮತ್ತು ಕೋಶಗಳ ಹಂತದಲ್ಲೇ ಇದೆ. ಥಿಯೊನೆಲ್ಲ ಎಂಬ ಸ್ಪಂಜಿನ ಸ್ಟಿರಾಲ್ ಒಂದು ಎಫ್‌ಎಕ್ಸ್‌ಆರ್ ಅನ್ನು ತಡೆಯುತ್ತದೆ. ಕಂದು ಕಡಲಕಳೆಗಳ ಫ್ಯೂಕೋಸ್ಟಿರಾಲ್ ಎಲ್‌ಎಕ್ಸ್‌ಆರ್ ಎಂಬ ಮತ್ತೊಂದು ಗ್ರಾಹಕವನ್ನು ಚುರುಕುಗೊಳಿಸುತ್ತದೆ. ಎಲ್‌ಎಕ್ಸ್‌ಆರ್ ಎಚ್ಚೆತ್ತರೆ ಎಬಿಸಿಎ1 ಪ್ರೋಟೀನ್ ಹೆಚ್ಚಿ ಕೋಶದೊಳಗಿನ ಕೊಲೆಸ್ಟರಾಲ್ ಹೊರಬೀಳುತ್ತದೆ. ಜೊತೆಗೇ ಯಕೃತ್ತಿನಲ್ಲಿ ಕೊಬ್ಬಿನ ತಯಾರಿಕೆಗೆ ಚಾಲನೆ ಕೊಡುವ ಎಸ್‌ಆರ್‌ಇಬಿಪಿ-1ಸಿ ಪ್ರೋಟೀನ್ ಎದ್ದು ಕೊಬ್ಬು ಕಟ್ಟುತ್ತದೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರುತ್ತದೆ. ಪ್ರಯೋಗಾಲಯದಲ್ಲಿ ಕಟ್ಟಿದ ಹಲವು ಎಲ್‌ಎಕ್ಸ್‌ಆರ್ ಅಣುಗಳು ಮುಗ್ಗರಿಸಿದ್ದು ಇಲ್ಲೇ. ಹೊಸ ಕಡಲಕಳೆಯ ವರದಿ ಕೈಗೆ ಬಂದರೆ ಎಬಿಸಿಎ1 ಚಿತ್ರದಲ್ಲೇ ನಿಲ್ಲದೆ, ಎಸ್‌ಆರ್‌ಇಬಿಪಿ-1ಸಿ ಅಳೆದಿದ್ದಾರೆಯೇ, ಅದೂ ಯಕೃತ್ತಿನ ಕೋಶದಲ್ಲಿ ಅಳೆದಿದ್ದಾರೆಯೇ ಎಂದು ಹುಡುಕಿ.